ಪೇಜ್‌ಮೇಕರ್‌ನೊಳಗೆ ಸಿಕ್ಕಿಬಿದ್ದ ಪುಸ್ತಕವನ್ನು ಹೊರಗೆ ತಂದದ್ದು

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರಿದೆ. ಪಂಚಾಂಗ, ಮಠಗಳ ಪುಸ್ತಕ, ನಾಟಕ ಕಂಪನಿಯ ಹ್ಯಾಂಡ್‌ಬಿಲ್ಲು, ಲಗ್ನಪತ್ರಿಕೆ, ಬಿಲ್ ಬುಕ್ಕು, ಇಲ್ಲಿ ಅಚ್ಚಾಗದ್ದು ಕಡಿಮೆ. ಆದರೆ ಇಲ್ಲಿನ ಯಾವುದಾದರೂ ಸಣ್ಣ ಪ್ರೆಸ್ಸಿನ ಒಳಕೋಣೆಗೆ ಹೋಗಿ ನೋಡಿ, ಮೂಲೆಯಲ್ಲಿ ಟವೆಲ್ ಹೊದಿಸಿಟ್ಟ ಒಂದು ಹಳೇ ಕಂಪ್ಯೂಟರ್ ಇರುವ ಸಾಧ್ಯತೆ ಬಹಳ. ಅದಕ್ಕೆ ಇಂಟರ್ನೆಟ್ ಇರುವುದಿಲ್ಲ. ಅದನ್ನು ಮುಟ್ಟಲು ಹೊಸಬರಿಗೆ ಪರವಾನಗಿ ಇರುವುದಿಲ್ಲ. ಒಳಗೆ ವಿಂಡೋಸ್ ಎಕ್ಸ್‌ಪಿ, ಪುಟ ಕಟ್ಟುವ ಪೇಜ್‌ಮೇಕರ್, ಕನ್ನಡ ಹೊಡೆಯುವ ನುಡಿ. ಪ್ರೆಸ್ಸಿನ ಇಪ್ಪತ್ತು ವರ್ಷದ ದುಡಿಮೆ ಅದರ ಹಾರ್ಡ್‌ಡಿಸ್ಕಿನಲ್ಲಿ ಕೂತಿರುತ್ತದೆ.

ನಮ್ಮಲ್ಲೂ ಅಂಥದೊಂದಿದೆ. ಅದರ ಪಕ್ಕದ್ದು ಸ್ವಲ್ಪ ಹೊಸದು, ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದಕ್ಕೂ ಕಂಪನಿಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ನಮ್ಮ ಪ್ರೊಸೆಸರ್ ಹಳೇದು, ಆಗುವುದಿಲ್ಲ ಅಂತ ಅದೇ ಹೇಳಿತು. ಪ್ರಿಂಟ್ ಹೊಡೆಯುವುದಕ್ಕೆ, ಪ್ಲೇಟ್ ಮಾಡಿಸುವುದಕ್ಕೆ ಏನೂ ಕೊರತೆಯಿಲ್ಲದ ಯಂತ್ರವನ್ನು ತೆಗೆದೊಗೆಯಿರಿ ಅನ್ನುವ ಈ ಪದ್ಧತಿ ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಅದಿರಲಿ. ಏನು ಮಾಡುವುದು ಅಂತ ತಲೆ ಕೆಡಿಸಿಕೊಂಡಿದ್ದ ಹೊತ್ತಿನಲ್ಲೇ ಮಾಸ್ತರು ಬಂದರು.

ಮಾಸ್ತರು ಅಂದರೆ ನಿವೃತ್ತ ಕನ್ನಡ ಶಿಕ್ಷಕರು. 2006ರಲ್ಲಿ ಅವರದೊಂದು ಪುಸ್ತಕ ನಮ್ಮಲ್ಲೇ ಅಚ್ಚಾಗಿತ್ತು, ಈ ಸೀಮೆಯ ಊರುಗಳ ಇತಿಹಾಸ. 1858ರ ನರಗುಂದ ಬಾಬಾಸಾಹೇಬರ ಬಂಡಾಯದ ಮೇಲೆ ಒಂದು ಅಧ್ಯಾಯ, 1905ರಲ್ಲಿ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರಿ ಸಂಘದ ಮೇಲೆ ಇನ್ನೊಂದು. ಅದಲ್ಲದೆ ಮುದುಕರು, ಮುದುಕಿಯರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿಟ್ಟ ಹಲವು ಪುಟಗಳು.

"ತಮ್ಮಾ, ಪುಸ್ತಕ ಮತ್ತೊಮ್ಮಿ ಹಾಕಸೂದೈತಿ. ಫೈಲ್ ನಿಮ್ಮ ಕಂಪ್ಯೂಟರ್‌ನ್ಯಾಗ ಇರಬೇಕಲ್ಲ?"

"ಐತ್ರಿ ಸರ, ಎಲ್ಲಿ ಹೋಗತೈತಿ."

"ಹಂಗಾರ ಮೊದಲ ನನ್ನ ಮೊಬೈಲಿಗೆ ಕಳಸು. ಪುಣೆದಾಗ ಮೊಮ್ಮಗಳು ಓದ್ತೀನಿ ಅಂತಾಳ. ಅದರಾಗ ಊರ ಹೆಸರು ಹುಡುಕಿದ್ರ ಸಿಗಬೇಕಂತ ನೋಡು."

ಫೈಲೇನೋ ಇತ್ತು. ಪೇಜ್‌ಮೇಕರಿನಲ್ಲಿ ತೆರೆದರೆ 2006ರಲ್ಲಿ ಬಿಟ್ಟ ಹಾಗೆಯೇ ಪುಟಗಳು ನಿಂತಿದ್ದವು. ಅದರೊಳಗಿನ ಒಂದು ಪ್ಯಾರಾ ಎತ್ತಿ ಮಾಸ್ತರ ವಾಟ್ಸಾಪಿಗೆ ಹಾಕಿದರೆ ಮಾತ್ರ ಬೇರೆಯೇ ಕಥೆ. 'ಕನ್ನಡ' ಎಂಬ ಪದದ ಜಾಗದಲ್ಲಿ ಏನು ಬಂತು ಹೇಳುತ್ತೇನೆ: ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ತಲೆಯ ಮೇಲೆ ಓರೆಗೀಟು ಇರುವ ಎ, ಆಮೇಲೆ ಬ್ರಿಟನ್ನಿನ ಪೌಂಡ್ ರೊಕ್ಕದ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ನಿನ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೊಮ್ಮೆ ಗೀಟಿನ ಎ. ಸರಕಾರಿ ಕಚೇರಿಯ ಫೈಲನ್ನು ಮನೆ ಕಂಪ್ಯೂಟರಿನಲ್ಲಿ ತೆರೆದವರಿಗೆಲ್ಲ ಈ ಸಾಲಿನ ಪರಿಚಯವಿದೆ.

ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವ ನನ್ನ ಅಕ್ಕನ ಮಗ ಆ ವಾರ ಬಂದಿದ್ದ. ಫೈಲ್ ನೋಡಿ ನಕ್ಕ. "ಮಾಮಾ, ಇದರಾಗ ಕನ್ನಡ ಅನ್ನೂದ ಇಲ್ಲ. ಇಂಗ್ಲಿಷ್ ಅಕ್ಷರಕ್ಕ ಕನ್ನಡದ ಅಂಗಿ ತೊಡಸ್ಯಾರ. ಅಂಗಿ ಕಳದ್ರ ಇಷ್ಟ."

ಅವನು ಹೇಳಿದ್ದು ಖರೆ, ಆದರೆ ನಕ್ಕಿದ್ದು ನನಗೆ ಸೇರಲಿಲ್ಲ. ಕಂಪ್ಯೂಟರಿಗೆ ಕನ್ನಡ ಬಂದ ಮೊದಲ ದಿನಗಳಲ್ಲಿ ಒಂದೊಂದು ಸಾಫ್ಟ್‌ವೇರಿನದು ಒಂದೊಂದು ಸಂಕೇತ. ಒಂದು ಪ್ರೆಸ್ಸಿನ ಫೈಲು ಪಕ್ಕದ ಪ್ರೆಸ್ಸಿನಲ್ಲಿ ತೆರೆಯುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಪುಕ್ಕಟೆ ಸಿಕ್ಕಿತು, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ ಅದರ ಜೊತೆ ಬಂತು. ಶೇಷಾದ್ರಿವಾಸು ಅವರ 'ಬರಹ' ಎಂಬ ಸಾಫ್ಟ್‌ವೇರು ಇನ್ನೊಂದು ಕಡೆಯಿಂದ ಬಂತು. ಬೆಟಗೇರಿಯಿಂದ ಹುಬ್ಬಳ್ಳಿಗೆ ಫ್ಲಾಪಿ ಕಳಿಸಿದರೆ ಅಲ್ಲಿ ಓದಲು ಬಂತು ಅಂದರೆ ನಮಗದು ಸಣ್ಣ ಮಾತಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸೇರಿ ಇರುವ ಒಂದೇ ಸಂಕೇತ ಪದ್ಧತಿ ಯುನಿಕೋಡು, ಅದರಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತ್ತು ಅನ್ನುತ್ತಾರೆ, ಸರಿ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ನೆಟ್ಟಗೆ ಕಂಡದ್ದು 2012ರ ಜೆಲ್ಲಿ ಬೀನ್ ಬಂದ ಮೇಲೆ. ಅಲ್ಲಿಯವರೆಗೆ ಅಕ್ಷರದ ಜಾಗದಲ್ಲಿ ಬರೇ ಡಬ್ಬಿ. ಪೇಜ್‌ಮೇಕರ್ ಅಂತೂ 2001ರ ಏಳನೇ ಆವೃತ್ತಿಗೇ ನಿಂತಿತು, ಯುನಿಕೋಡ್ ಅದಕ್ಕೆ ಕೊನೆವರೆಗೂ ತಿಳಿಯಲಿಲ್ಲ. ಕಾಗದದ ಮೇಲೆ ಅಕ್ಷರ ಚೆಂದ ಮೂಡಬೇಕು, ಅದಷ್ಟೇ ನಮ್ಮ ಕಸುಬು. ಮೂಡುತ್ತಿತ್ತು. ಗಿರಾಕಿ ಕಾಗದ ಒಯ್ಯುತ್ತಿದ್ದ, ರೊಕ್ಕ ಕೊಡುತ್ತಿದ್ದ. ಒಳಗಿನ ಬರಹ ಯಾವ ರೂಪದಲ್ಲಿದೆ ಅಂತ ಕೇಳಿದವರು ಮಾಸ್ತರೇ ಮೊದಲು.

ಅಪ್ಪನ ಕಾಲದಲ್ಲಿ ಈ ಪ್ರಶ್ನೆ ಹುಟ್ಟುವುದೇ ಸಾಧ್ಯವಿರಲಿಲ್ಲ. ಅಚ್ಚಿನ ಮೊಳೆ ಜೋಡಿಸಿ, ಪ್ರೂಫ್ ತೆಗೆದು, ಟ್ರೆಡಲ್ ಯಂತ್ರದ ಮೇಲೆ ಹೊಡೆದ ಮೇಲೆ ಮ್ಯಾಟರ್ ಬಿಚ್ಚಿ ಮೊಳೆಗಳನ್ನು ಕೇಸಿನ ಮನೆಮನೆಗೆ ವಾಪಸ್ ಹಾಕಬೇಕು. ಒತ್ತು ಬೇರೆ, ಅರ್ಕಾವತ್ತು ಬೇರೆ. ನಾಳೆ ಮತ್ತೊಂದು ಪುಟಕ್ಕೆ ಅವೇ ಮೊಳೆ ಬೇಕಲ್ಲ. ಎರಡನೇ ಮುದ್ರಣವೆಂದರೆ ಮೊದಲಿಂದ ಕಂಪೋಜ್. ಉಳಿಯುವುದು ಕಾಗದ ಒಂದೇ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಮೋಸ ಅನಿಸುತ್ತಿರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಎಲ್ಲ ಸೇವ್ ಆಗಿದೆ ಎಂಬ ಧೈರ್ಯ ಬಂತು. ಸೇವ್ ಆಗಿದ್ದು ಪುಟದ ಆಕಾರ, ಅದನ್ನು ತೆರೆಯಲು ಅದೇ ಯಂತ್ರ, ಅದೇ ಸಾಫ್ಟ್‌ವೇರು, ಅದೇ ಫಾಂಟು ಬೇಕು. ಯಾವುದಾದರೂ ಒಂದು ಕೈಕೊಟ್ಟರೆ ಮುಗೀತು.

ಕೆಲಸ ಶುರುವಾಯಿತು. ಪೇಜ್‌ಮೇಕರಿನಿಂದ ಬರಹ ಹೊರಗೆ ತೆಗೆಯುವುದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದಕ್ಕೊಂದು ಕೊಂಡಿ ಹಾಕಿದ ಪಠ್ಯದ ಚೌಕಟ್ಟುಗಳು ಸೇರಿ ಅದರ ಲೆಕ್ಕದಲ್ಲಿ ಒಂದು ಸ್ಟೋರಿ. ಕರ್ಸರ್ ಒಳಗಿಟ್ಟು, ಎಲ್ಲ ಆಯ್ದು, ಎಕ್ಸ್‌ಪೋರ್ಟ್ ಕೊಟ್ಟರೆ ಆ ಸ್ಟೋರಿಯಷ್ಟೇ ಬರುತ್ತದೆ. ಅಧ್ಯಾಯಗಳು ಸಲೀಸಾಗಿ ಬಂದವು. ಅಡಿಟಿಪ್ಪಣಿಗಳನ್ನು ಮಾತ್ರ ಪುಟಪುಟಕ್ಕೂ ಬೇರೆ ಡಬ್ಬಿಯಲ್ಲಿ ಕೂಡಿಸಿದ್ದರು, ಒಂದಕ್ಕೂ ಕೊಂಡಿಯಿಲ್ಲ. ಅವನ್ನು ಒಂದೊಂದಾಗಿ ಹೆಕ್ಕಬೇಕಾಯಿತು.

ಸಾದಾ ಟೆಕ್ಸ್ಟ್ ಆಗಿ ತೆಗೆದು, ನೆಟ್ಟಿನಲ್ಲಿ ಸಿಗುವ ಒಂದು ಪರಿವರ್ತಕಕ್ಕೆ ಹಾಕಿದೆವು. ಕ್ಷಣದಲ್ಲಿ ಪುಟ ತುಂಬ ಕನ್ನಡ. ಅಳಿಯ ಚಪ್ಪಾಳೆ ತಟ್ಟಿದ. ನಾನು ಪ್ರೂಫ್ ಓದಿ ಬೆಳೆದವನು, ಅಷ್ಟು ಸುಲಭಕ್ಕೆ ಕೈ ಎತ್ತುವುದಿಲ್ಲ. ಕಣ್ಣಾಡಿಸುತ್ತ ಹೋದರೆ ಒಂದು ಕಡೆ 'ಒಐಂ' ಅಂತ ಇತ್ತು. 'ಶ್ರೀಯುತರು ಒಐಂ ಆಗಿ ಆಯ್ಕೆಯಾದರು.' ಇದ್ಯಾವ ಪದವಿ? ಮೂಲದಲ್ಲಿ ಆ ಮೂರು ಅಕ್ಷರ ಇಂಗ್ಲಿಷಿನಲ್ಲಿದ್ದವು: ಎಂ, ಎಲ್, ಎ. ನುಡಿಯ ಹಳೇ ಸಂಕೇತದಲ್ಲಿ ಎಂ ಅಂದರೆ ಒ, ಎಲ್ ಅಂದರೆ ಐ, ಎ ಅಂದರೆ ಸೊನ್ನೆ. ಸಾದಾ ಟೆಕ್ಸ್ಟಿಗೆ ಬಂದಾಗ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಸುಳಿವು ಅಳಿಸಿಹೋಗುತ್ತದೆ, ಪರಿವರ್ತಕ ಸಿಕ್ಕದ್ದೆಲ್ಲವನ್ನೂ ಕನ್ನಡ ಅಂದುಕೊಂಡು ಬದಲಿಸುತ್ತದೆ. ವಿಧಾನ ಪರಿಷತ್ತಿನವರು ಇದೇ ಲೆಕ್ಕದಲ್ಲಿ 'ಒಐಅ' ಆಗಿದ್ದರು. ಮಾಸ್ತರಿಗೆ ತೋರಿಸಿದಾಗ ಅವರು ಬಿದ್ದು ಬಿದ್ದು ನಕ್ಕು, ಹಾಗೇ ಬಿಡು ಅಂದರು.

ಬಿಡಲಿಲ್ಲ. ಮತ್ತೆ ಎಲ್ಲವನ್ನೂ ಆರ್‌ಟಿಎಫ್ ಆಗಿ ತೆಗೆದೆವು. ಅದರಲ್ಲಿ ಫಾಂಟಿನ ಹೆಸರು ಉಳಿಯುತ್ತದೆ. ನುಡಿ ಎಂಬ ಗುರುತಿದ್ದ ತುಣುಕನ್ನು ಮಾತ್ರ ಬದಲಿಸುವ ಹಾಗೆ ಅಳಿಯ ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯಲ್ಲಿ ನಾಲ್ಕು ಸಾಲು ಬರೆದ. ಒಐಂ ಸಾಹೇಬರು ಮರಳಿ ಶಾಸಕರಾದರು.

ಅಂಕಿಗಳದ್ದು ಇನ್ನೊಂದು ತಕರಾರು. ನುಡಿಯ ಫಾಂಟಿನ ಹೆಸರಿನ ಕೊನೆಗೆ ಇಂಗ್ಲಿಷಿನ ಕೆ ಇದ್ದರೆ ಕನ್ನಡ ಅಂಕಿ, ಇ ಇದ್ದರೆ ಇಂಗ್ಲಿಷ್ ಅಂಕಿ. ಒಳಗೆ ಎರಡಕ್ಕೂ ಒಂದೇ ಸಂಕೇತ. ಮಾಸ್ತರ ಪುಸ್ತಕದಲ್ಲಿ ಇಸವಿಗಳೆಲ್ಲ ೧೮೫೮, ೧೯೦೫ ಎಂದೇ ಇದ್ದವು. ಬದಲಾದ ಮೇಲೆ 1858, 1905. "ನಾ ಇಂಗ್ಲಿಷ್ ಅಂಕಿ ಬರದಿಲ್ಲಲ್ಲೋ" ಅಂತ ಅವರು. ಮೊಮ್ಮಗಳಿಗೆ ಕನ್ನಡ ಅಂಕಿ ಓದಲು ಬರುವುದಿಲ್ಲ ಅಂತ ಫೋನಿನಲ್ಲಿ ತಿಳಿದ ಮೇಲೆ ಸುಮ್ಮನಾದರು. ಪುಸ್ತಕಕ್ಕೆ ಕನ್ನಡ ಅಂಕಿ, ಮೊಬೈಲ್ ಪ್ರತಿಗೆ ಇಂಗ್ಲಿಷ್ ಅಂಕಿ ಎಂಬ ರಾಜಿ ಆಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅರ್ಧಾಕ್ಷರ. ಬಾಬಾಸಾಹೇಬರು ಸುರೇಬಾನದಲ್ಲಿ ಕೊಲ್ಲಿಸಿದ ಬ್ರಿಟಿಷ್ ಅಧಿಕಾರಿಯ ಹೆಸರನ್ನು ಮಾಸ್ತರು ಎಲ್ಲ ಕಡೆ 'ಮ್ಯಾನ್‌ಸನ್' ಅಂತ ಬಿಡಿಸಿ ಬರೆದಿದ್ದರು. ಯುನಿಕೋಡಿನಲ್ಲಿ ಅರ್ಧ ನ್ ಆದ ಮೇಲೆ ಸ ಬಂದರೆ ಸ ತಾನೇ ಒತ್ತಾಗಿ ಕೆಳಗೆ ಇಳಿಯುತ್ತದೆ, 'ಮ್ಯಾನ್ಸನ್' ಆಗುತ್ತದೆ. ಬಿಡಿಸಿ ನಿಲ್ಲಿಸಬೇಕೆಂದರೆ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಹಾಕಬೇಕು. 'ರ‍್ಯಾಲಿ' ಬರೆಯುವಾಗ ಇದರ ಉಲ್ಟಾ, ಅಲ್ಲಿ ಕಾಣದ ಕೊಂಡಿ ಬೇಕು, ಇಲ್ಲದಿದ್ದರೆ ರ ಹೋಗಿ ಅರ್ಕಾವತ್ತಾಗಿ 'ರ್ಯಾಲಿ' ಎಂದು ಕೂಡುತ್ತದೆ. ಫೋನಿನಿಂದ ಬರುವ ರಾಜಕೀಯದ ಹ್ಯಾಂಡ್‌ಬಿಲ್ ಮ್ಯಾಟರಿನಲ್ಲಿ ಈ ರ್ಯಾಲಿ ನೋಡಿ ನೋಡಿ ಸಾಕಾಗಿದೆ. ಇಡೀ ಹೊತ್ತಿಗೆಯಲ್ಲಿ ಇಂಥ ಜಾಗ ಹುಡುಕಿ ಹುಡುಕಿ ತಡೆ ಹಾಕಿದ್ದು ನಮ್ಮ ಪ್ರೆಸ್ಸಿನಲ್ಲಿ ಕಂಪೋಜ್ ಮಾಡುವ ಹೆಣ್ಣುಮಗಳು, ನಾವು ಅಕ್ಕ ಅನ್ನುವವರು.

ಅಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಇಂಥ ಬದಲಾವಣೆಯ ಭಾರ ಬೀಳುವುದು ಬೆರಳುಗಳ ಮೇಲೆ, ಮಾಲೀಕರ ಮೇಲಲ್ಲ. ಕೀಲಿಮಣೆ ನೋಡದೆ, ಪಕ್ಕದವರ ಜೊತೆ ಮಾತಾಡುತ್ತಲೇ ಪುಟ ಹೊಡೆಯುವವರು ಅವರು. ಹೊಸ ಯಂತ್ರ ಕೊಳ್ಳುವ ಬದಲು ವಿಂಡೋಸ್ 10ರ ಕಂಪ್ಯೂಟರಿಗೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕೋಣ ಅಂತ ಅಳಿಯ ಅಂದ. ಹಾಕಿ, ಮೊದಲಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಕೊಟ್ಟ. ಅಕ್ಕ ಒಂದು ಸಾಲು ಹೊಡೆದು ಕೈ ಹಿಂದಕ್ಕೆಳೆದರು. "ಅಣ್ಣಾ, ಕೀಲಿ ಎಲ್ಲಾ ಅದಲಾಬದಲಿ ಆಗ್ಯಾವ. ನಾ ಒಲ್ಲೆ. ಹೊಸಾದು ಕಲಿಯೂ ಹೊತ್ತಿಗೆ ಲಗ್ನದ ಸೀಜನ್ ಮುಗಿತೈತಿ." ಸೆಟ್ಟಿಂಗಿನಲ್ಲಿ ಇನ್ನಷ್ಟು ಕೆಳಗೆ ಹೋದರೆ 'ಕಗಪ' ಅಂತ ಒಂದು ವಿನ್ಯಾಸ ಇತ್ತು. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು, ನುಡಿಯ ಕೀಲಿಗಳೇ. ಯಾವ ದೇಶದಲ್ಲಿ ಕೂತ ಯಾರು ಅದನ್ನು ಅಲ್ಲಿ ಸೇರಿಸಿದರೋ, ಅವರಿಗೆ ಪುಣ್ಯ ಬರಲಿ. ಅಕ್ಕನ ಬೆರಳು ಮೊದಲಿನ ದಾರಿಯಲ್ಲೇ ಓಡಿದವು, ಒಳಗೆ ಬೀಳುವುದು ಮಾತ್ರ ಯುನಿಕೋಡ್.

ಒಂದೆರಡು ಅಧ್ಯಾಯದ ಫೈಲು ಕೆಟ್ಟಿತ್ತು, ತೆರೆಯಲೇ ಇಲ್ಲ. ಅವಕ್ಕೆ ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡಿ ಓಸಿಆರ್ ಮಾಡಿಸಿದೆವು. ಚಿತ್ರದಿಂದ ಅಕ್ಷರ ಓದಿ ಕೊಡುವ ಈ ತಂತ್ರ ಕನ್ನಡಕ್ಕೂ ಈಗ ಚಲೋ ಬಂದಿದೆ, ಸುಳ್ಳು ಹೇಳಬಾರದು. ಆದರೂ ಅದು ಎಡವುವ ಜಾಗ ಹಳೇ ಪ್ರೂಫ್ ರೀಡರಿಗೆ ಮೊದಲೇ ಗೊತ್ತಿರುತ್ತದೆ: ಮ ಮತ್ತು ವು, ಥ ಮತ್ತು ಧ. ನಾನು ಅಲ್ಲೇ ಬೆರಳಿಟ್ಟು ಓದಿದೆ, ತಪ್ಪುಗಳೆಲ್ಲ ಅಲ್ಲೇ ಸಿಕ್ಕವು.

ಜಗಳ ಆದದ್ದು ಮುಂದಿನ ಹಂತದಲ್ಲಿ. ಪ್ರೂಫನ್ನು ಒಂದು ಎಐ ಚಾಟ್‌ಬಾಟಿಗೆ ಕೊಟ್ಟರೆ ಬೇಗ ಆಗುತ್ತದೆ ಅಂತ ಅಳಿಯ ಹಟ ಹಿಡಿದ. ಕೊಟ್ಟ. ಕಾಗುಣಿತದ ತಪ್ಪು ಹಲವು ಹಿಡಿಯಿತು, ನಿಜ. ಜೊತೆಗೆ ಕೇಳದೆ ಇನ್ನೊಂದು ಉಪಕಾರವನ್ನೂ ಮಾಡಿತ್ತು. ಕಣಗಿನಹಾಳದ ಕಡೆಯ ಒಬ್ಬ ಅಜ್ಜಿ ಬರಗಾಲದ ಬಗ್ಗೆ ಹೇಳಿದ ಮಾತಿನಲ್ಲಿ 'ಹೊಲದಾಗ' ಇದ್ದದ್ದು 'ಹೊಲದಲ್ಲಿ' ಆಗಿತ್ತು, 'ಉಣ್ಣಾಕ ಇರಲಿಲ್ಲ' ಹೋಗಿ 'ಊಟಕ್ಕೆ ಇರಲಿಲ್ಲ' ಬಂದಿತ್ತು. ಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಯಾರು ತಿದ್ದಿದ್ದು?"

"ಕಂಪ್ಯೂಟರ್ ರಿ ಅಜ್ಜಾರ. ಶುದ್ಧ ಮಾಡೇತಿ" ಅಂದ ಅಳಿಯ.

"ಆಕಿ ಮಾತು ಹೊಲಸ ಇತ್ತೇನು, ಶುದ್ಧ ಮಾಡಾಕ?"

ಅಳಿಯನ ಬಾಯಿ ಕಟ್ಟಿತು. ಆ ಅಧ್ಯಾಯಗಳನ್ನು ಮೂಲದಿಂದ ಮತ್ತೆ ತಂದು ಅಕ್ಕ, ನಾನು, ಮಾಸ್ತರು ಕೂತು ಕಣ್ಣಿನಿಂದಲೇ ಓದಿದೆವು. ಎಐ ಬೇಡವೆನ್ನುವವನಲ್ಲ ನಾನು, ಬಿಲ್ಲಿನ ಲೆಕ್ಕಕ್ಕೆ, ಇಂಗ್ಲಿಷ್ ಪತ್ರಕ್ಕೆ ದಿನಾ ಬಳಸುತ್ತೇನೆ. ಆದರೆ ನಮ್ಮ ಕಡೆಯ ಮಾತನ್ನು ಅದು ತಪ್ಪು ಅಂತಲೇ ನೋಡುತ್ತದೆ. ಫೋನಿಗೆ ಮಾತಾಡಿ ಬರೆಸುವುದರಲ್ಲೂ ಇದೇ ಗೋಳು. ಮುಳಗುಂದ ನಾಕಾದ ಕಡೆಯ ಒಬ್ಬ ಗಿರಾಕಿ ಗೃಹಪ್ರವೇಶದ ಮ್ಯಾಟರನ್ನು ಹೇಳಿ ಬರೆಸಿ ಕಳಿಸಿದ್ದ, ಅದರಲ್ಲಿ ಮನೆತನದ ಹೆಸರೇ ಬೇರೆಯಾಗಿತ್ತು. ಫೋನಿಗೆ ಗೊತ್ತಿರುವ ಕನ್ನಡಕ್ಕೆ ನಮ್ಮ ಬಾಯಿ ಹೊಂದಿಕೊಳ್ಳುವ ದಿನ ಬಂದರೆ ಈ ಅಜ್ಜಿಯ ಪುಟಗಳು ಎಷ್ಟು ಜನಕ್ಕೆ ಅರ್ಥವಾದಾವು?

ಪುಟ ಕಟ್ಟಲು ಸ್ಕ್ರೈಬಸ್ ಬಳಸಿದೆವು. ಪುಕ್ಕಟೆ, 2024ರ ಆರಂಭದಲ್ಲಿ ಬಂದ 1.6ನೇ ಆವೃತ್ತಿಯಲ್ಲಿ ಕನ್ನಡದ ಒತ್ತು ಸರಿಯಾಗಿ ಕೂಡುತ್ತದೆ. ಇನ್‌ಡಿಸೈನ್ ಇದ್ದವರು ಅದರಲ್ಲೇ ಮಾಡಲಿ, ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆ ಹಚ್ಚಿದರೆ ಸಾಕು. ಅದನ್ನು ಹಚ್ಚದೆ ಒತ್ತು ಒಡೆಯಿತು ಅಂತ ಯುನಿಕೋಡನ್ನು ಬೈಯುವವರು ನಮ್ಮ ಓಣಿಯಲ್ಲೇ ಇದ್ದಾರೆ.

ಮಾಸ್ತರಿಗೆ ಪಿಡಿಎಫ್ ಅಷ್ಟೇ ಕೊಟ್ಟರೆ ಸಾಲದು ಎಂಬುದು ಈ ಕೆಲಸದಲ್ಲೇ ಗೊತ್ತಾಯಿತು. ಯುನಿಕೋಡಿನಿಂದ ಮಾಡಿದ ಪಿಡಿಎಫ್ ಆದರೂ ಅದರಿಂದ ಕನ್ನಡ ಕಾಪಿ ಮಾಡಿದರೆ ಎಷ್ಟೋ ಸಲ ಕೊಂಬು ಒಂದು ಕಡೆ, ಒತ್ತು ಒಂದು ಕಡೆ ಬೀಳುತ್ತದೆ. ಅದರ ಒಳಗಿರುವುದೂ ಬಹುಮಟ್ಟಿಗೆ ಆಕಾರಗಳೇ. ಹೀಗಾಗಿ ಪಠ್ಯವನ್ನೇ ಬೇರೆ ಫೈಲಾಗಿ ಕೊಟ್ಟೆವು, ಫೋನಿನಲ್ಲಿ ಓದುವ ಇ-ಪುಸ್ತಕದ ಫೈಲು, ಇಪಬ್, ಒಂದು ಮಾಡಿದೆವು.

ಮಾಸ್ತರು ಕೂತಲ್ಲೇ ಸಹಕಾರಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಹೆಸರು ಹೊಡೆದು ಹುಡುಕಿದರು. ಬಂದ ಫಲಿತಾಂಶ ಅವರು ಎಣಿಸಿದ್ದಕ್ಕಿಂತ ಕಡಿಮೆ. ನೋಡಿದರೆ ಪುಸ್ತಕದಲ್ಲಿ ಕೆಲವು ಕಡೆ 'ಸಿದ್ದನಗೌಡ', ಕೆಲವು ಕಡೆ 'ಸಿದ್ಧನಗೌಡ'. ಇಷ್ಟು ವರ್ಷ ಕಾಗದದ ಮೇಲೆ ಓದಿದ ಯಾರ ಕಣ್ಣಿಗೂ ಅದು ಬಿದ್ದಿರಲಿಲ್ಲ, ಬಿದ್ದರೂ ಯಾರಿಗೂ ತೊಂದರೆಯಿರಲಿಲ್ಲ. ಮನುಷ್ಯ ಎರಡನ್ನೂ ಒಂದೇ ಹೆಸರಾಗಿ ಓದುತ್ತಾನೆ, ಹುಡುಕುವ ಯಂತ್ರ ಓದುವುದಿಲ್ಲ. ಊರ ಹೆಸರಿನದೂ ಅದೇ ಪಾಡು, ಕಣಗಿನಹಾಳ ಮತ್ತು ಕಣಗಿನಾಳ. ಮಾಸ್ತರು ಪೆನ್ನು ಹಿಡಿದು ಒಂದು ಪಟ್ಟಿಯೇ ಮಾಡಿದರು. ತಮ್ಮ ನಿರೂಪಣೆಯಲ್ಲಿ ಒಂದೇ ರೂಪ ಇಟ್ಟರು, ಜನ ಹೇಳಿದ ಮಾತಿನಲ್ಲಿ ಅವರು ಅಂದ ಹಾಗೆಯೇ ಬಿಟ್ಟರು.

ಈಗ ಪುಸ್ತಕದ ಕೆಲಸಕ್ಕೆಲ್ಲ ಇದೇ ದಾರಿ. ಯಾರ ಪುಸ್ತಕ ಬಂದರೂ ಅಚ್ಚಾದ ಪ್ರತಿಗಳ ಜೊತೆ ಪಠ್ಯದ ಫೈಲನ್ನೂ ಕೊಡುತ್ತೇವೆ, ಅದಕ್ಕೆ ಬೇರೆ ರೊಕ್ಕ ಇಲ್ಲ. ಸ್ಟೇಷನ್ ರೋಡಿನ ಚಾ ಅಂಗಡಿಯಲ್ಲಿ ಈ ಮಾತು ಬಂದಾಗ ಕಸುಬಿನ ಒಬ್ಬ ಹಿರಿಯರು ತಕರಾರು ತೆಗೆದರು. "ಫೈಲ್ ಕೊಟ್ಟರ ಎರಡನೇ ಮುದ್ರಣಕ್ಕ ಹುಬ್ಬಳ್ಳಿಗೆ ಹೊಕ್ಕಾರಲ್ಲೋ ಮಾರಾಯಾ." ಹೋಗಬಹುದು. ಬರಹ ಬರೆದವರದು, ಅವರು ಎಲ್ಲಿ ಬೇಕಾದರೂ ಒಯ್ಯಲಿ ಅಂದೆ. ಅವರು ಒಪ್ಪಲಿಲ್ಲ, ಚಾದ ರೊಕ್ಕ ಮಾತ್ರ ಅವರೇ ಕೊಟ್ಟರು.

ಲಗ್ನಪತ್ರಿಕೆಗೆ ಬಂದರೆ ನಾನೂ ಹಳೇ ದಾರಿಯವನೇ. ನೋಟೋ, ಬಾಲೂ ತಮ್ಮ, ತಿರೋ, ನಮ್ಮ ಹುಬ್ಬಳ್ಳಿಯ ಹೆಸರಿನದೇ ಒಂದು ಫಾಂಟು, ಎಲ್ಲ ಚೆಂದವೇ, ಎಲ್ಲ ಪುಕ್ಕಟೆಯೇ. ಆದರೆ ಬಳ್ಳಿ ಸುತ್ತಿದ ಹಾಗೆ ಕೊಂಬು ಎಳೆದ, ವಧೂವರರ ಹೆಸರಿಗೆ ಒಪ್ಪುವ ಆ ಹಳೇ ಅಲಂಕಾರದ ಫಾಂಟುಗಳ ಸರಿಸಾಟಿ ಯುನಿಕೋಡಿನಲ್ಲಿ ನನಗೆ ಸಿಕ್ಕಿಲ್ಲ. 'ಚಿ॥', 'ಸೌ॥' ಮುಂದಿನ ಜೋಡಿಗೀಟು ಕೂಡ ಯುನಿಕೋಡಿನಲ್ಲಿ ದೇವನಾಗರಿಯ ಪಾಲಿಗೆ ಸೇರಿದೆ, ಎಷ್ಟೋ ಕನ್ನಡ ಫಾಂಟುಗಳಲ್ಲಿ ಅದಿಲ್ಲ, ಬೇರೆ ಫಾಂಟಿನಿಂದ ಬಂದು ಸಣಕಲಾಗಿ ನಿಲ್ಲುತ್ತದೆ. ಬೀಗರು ಅದನ್ನೇ ನೋಡುತ್ತಾರೆ.

ಹಾಗಾಗಿ ನಮ್ಮಲ್ಲಿ ನಡೆಯುತ್ತಿರುವುದು ಹೀಗೆ. ಗಿರಾಕಿ ಫೋನಿನಲ್ಲಿ ಯುನಿಕೋಡ್ ಕನ್ನಡ ಹೊಡೆದು ವಾಟ್ಸಾಪ್ ಮಾಡುತ್ತಾನೆ. ಅಕ್ಕ ಅದನ್ನು ಉಲ್ಟಾ ಪರಿವರ್ತಕಕ್ಕೆ ಹಾಕಿ ಹಳೇ ನುಡಿಗೆ ಇಳಿಸುತ್ತಾರೆ, ಪೆನ್‌ಡ್ರೈವಿನಲ್ಲಿ ಒಯ್ದು ಟವೆಲ್ ಹೊದ್ದ ಯಂತ್ರದಲ್ಲಿರುವ ವಿನ್ಯಾಸದ ಸಾಫ್ಟ್‌ವೇರು ಕೋರಲ್‌ಡ್ರಾಗೆ ಹಾಕಿ ಪತ್ರಿಕೆ ಮಾಡುತ್ತಾರೆ, ಅದರ ಚಿತ್ರ ಮತ್ತೆ ವಾಟ್ಸಾಪಿಗೆ ಹೋಗುತ್ತದೆ. ಮುಂದಿಗೂ ಹಿಂದಿಗೂ ಒಂದೇ ದಿನ ಓಡಾಟ. ಅಳಿಯನಿಗೆ ಇದು ಹುಚ್ಚುತನ. ನನಗೆ ಅಂಗಡಿ ನಡೆಯುವ ರೀತಿ.

ಆ ಯಂತ್ರದ ಹಾರ್ಡ್‌ಡಿಸ್ಕು ಈಚೆಗೆ ಟಕಟಕ ಸದ್ದು ಮಾಡುತ್ತಿದೆ. ಬರುವ ರಜೆಯಲ್ಲಿ ಬಂದು ಅದರ ಪೂರಾ ನಕಲು ತೆಗೆದು, ಲಿನಕ್ಸಿನ ಒಳಗೇ ಎಕ್ಸ್‌ಪಿ ಓಡುವ ಹಾಗೆ ಮಾಡಿಕೊಡುತ್ತೇನೆ ಅಂತ ಅಳಿಯ ಮಾತು ಕೊಟ್ಟಿದ್ದಾನೆ. ಹೋಗಿಬರುವ ಬಸ್ ಚಾರ್ಜು ಮತ್ತು ಮಿರ್ಚಿ ಗಿರ್ಮಿಟ್ ನನ್ನ ಕಡೆಯಿಂದ.